ಕೊಳಕ್ಕೆ ಮೊದಲು ಇಳಿದವನು

ಬೈಬಲ್ ತಂದವರು ಯೋಹಾನನ ಸುವಾರ್ತೆ 5ನೇ ಅಧ್ಯಾಯ ತೆಗೆಯಿರಿ. ಫೋನಿನಲ್ಲಿ ಓದುವವರು ಫೋನಿನಲ್ಲೇ ತೆಗೆಯಿರಿ, ಆದರೆ ವಾಟ್ಸಾಪ್ ಕಡೆ ಹೋಗಬೇಡಿ.

ಇವತ್ತು ಒಂದು ಪ್ರಶ್ನೆ ಇಟ್ಟುಕೊಂಡು ವಾಕ್ಯ ನೋಡೋಣ. ನಾನು ಯಾವ ನಿಯಮವನ್ನೂ ಮುರಿದಿಲ್ಲ, ಸುಳ್ಳು ಹೇಳಿಲ್ಲ, ಲಂಚ ಕೊಟ್ಟಿಲ್ಲ. ಹಾಗಿದ್ದೂ ನನಗೆ ಸಿಕ್ಕಿದ್ದು ಇನ್ನೊಬ್ಬರಿಗೆ ಸೇರಬೇಕಾದದ್ದು ಆಗಿರಬಹುದಾ? ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಕೇಳ್ತೀನಿ. ನಮಗೆ ಸಿಕ್ಕಿದ್ದನ್ನೆಲ್ಲ "ದೇವರು ಕೊಟ್ಟದ್ದು" ಅಂತ ಸಾಕ್ಷಿ ಹೇಳಬಹುದಾ?

ಈ ಪ್ರಶ್ನೆಯನ್ನು ಗಾಳಿಯಲ್ಲಿ ಇಟ್ಟರೆ ಪ್ರಯೋಜನ ಇಲ್ಲ. ನಾವೆಲ್ಲ ದಾಟಿ ಬಂದ ಒಂದು ಕಾಲಕ್ಕೆ ಹೋಗೋಣ. 2021ರ ಏಪ್ರಿಲ್, ಮೇ. ಎರಡನೇ ಅಲೆ. ಬೆಡ್ ಇಲ್ಲ, ಆಕ್ಸಿಜನ್ ಇಲ್ಲ, ಸ್ಮಶಾನದ ಮುಂದೆ ಆ್ಯಂಬುಲೆನ್ಸ್‌ಗಳ ಸಾಲು. ಏಪ್ರಿಲ್ 27ರ ರಾತ್ರಿಯಿಂದ ಕರ್ನಾಟಕದಲ್ಲಿ ಬಸ್ಸು ನಿಂತವು. ಮರುದಿನ, ಏಪ್ರಿಲ್ 28ರ ಸಂಜೆ 4 ಗಂಟೆಗೆ, 18ರಿಂದ 44 ವರ್ಷದವರಿಗೆ ಕೋವಿನ್‌ನಲ್ಲಿ ನೋಂದಣಿ ಶುರುವಾಯಿತು. ನಮ್ಮ ರಾಜ್ಯದಲ್ಲಿ ಈ ವಯಸ್ಸಿನವರಿಗೆ ಲಸಿಕೆ ಹಾಕಲು ಆರಂಭಿಸಿದ್ದು ಮೇ 10ರಂದು. ಲಸಿಕೆ ಸಾಲದೆ ಮೇ 14ಕ್ಕೆ ನಿಲ್ಲಿಸಿಬಿಟ್ಟರು. ಇದ್ದದ್ದನ್ನು ಎರಡನೇ ಡೋಸಿಗೆ ಕಾಯ್ತಿದ್ದ ಹಿರಿಯರಿಗೆ ಕೊಡಬೇಕಾಯಿತು.

ಆ ನಾಲ್ಕು ದಿನ ನಿಮಗೆ ನೆನಪಿರುತ್ತೆ. ಆಗ ಈ ವಯಸ್ಸಿನವರು ಆಸ್ಪತ್ರೆಗೆ ನೇರವಾಗಿ ಹೋಗಿ ನಿಂತರೆ ಲಸಿಕೆ ಇಲ್ಲ, ಆನ್‌ಲೈನ್ ಬುಕಿಂಗ್ ಕಡ್ಡಾಯ. ಕೋವಿನ್ ಪುಟ ಕನ್ನಡದಲ್ಲಿ ಬಂದದ್ದು ಜೂನ್ ತಿಂಗಳಲ್ಲಿ, ಅಲ್ಲಿಯವರೆಗೆ ಇಂಗ್ಲಿಷ್. ಫೋನ್ ನಂಬರ್ ಹಾಕು, ಒಟಿಪಿ ಬರಲಿ, ಜಿಲ್ಲೆ ಆರಿಸು, ಹಸಿರು ಬಣ್ಣ ಕಂಡ ತಕ್ಷಣ ಒತ್ತು. ಒತ್ತುವಷ್ಟರಲ್ಲಿ ಅದು ಕೆಂಪಾಗಿರುತ್ತೆ. ಟೆಲಿಗ್ರಾಂ ಅಲರ್ಟ್ ಹಾಕಿಕೊಂಡು ಕೂತವರಿಗೇ ಸಿಗ್ತಿರಲಿಲ್ಲ.

ಆ ಪುಟದಲ್ಲಿ ಇನ್ನೊಂದು ವಿಷಯ ಇತ್ತು. ನೀವು ಯಾವ ಊರಿನವರು ಅಂತ ಅದು ಕೇಳ್ತಿರಲಿಲ್ಲ. ಬೆಂಗಳೂರಿನಲ್ಲಿ ಕೂತು ಶಿವಮೊಗ್ಗ ಜಿಲ್ಲೆ ಆರಿಸಿದರೆ ಶಿವಮೊಗ್ಗದ ಕೇಂದ್ರಗಳೇ ತೆರೆದುಕೊಳ್ತಿದ್ದವು. ದೇಶದ ಯಾವ ಮೂಲೆಯವರಾದರೂ ಯಾವ ಮೂಲೆಯಲ್ಲಾದರೂ ಬುಕ್ ಮಾಡಬಹುದಿತ್ತು. ನಗರದಲ್ಲಿ ಸಿಗದವರು ಕಾರು ತೆಗೆದುಕೊಂಡು ಅಕ್ಕಪಕ್ಕದ ಜಿಲ್ಲೆಗಳ ಸಣ್ಣ ಊರುಗಳಿಗೆ ಹೋಗಿ ಲಸಿಕೆ ಹಾಕಿಸಿಕೊಂಡು ಬಂದರು ಅಂತ ಪತ್ರಿಕೆಗಳಲ್ಲಿ ಓದಿದೆವು.

ಈಗ ಇಬ್ಬರನ್ನು ಕಣ್ಣ ಮುಂದೆ ತಂದುಕೊಳ್ಳಿ. ಇವರು ನಿಜವಾದ ವ್ಯಕ್ತಿಗಳಲ್ಲ, ಯೋಚನೆಗೆ ಅಂತ ಹೇಳ್ತಿದ್ದೀನಿ. ಆದರೆ ಇಂಥವರು ಇರಲಿಲ್ಲ ಅಂತ ಯಾರೂ ಹೇಳಲಾರರು.

ಮೊದಲನೆಯವನು ಬೆಂಗಳೂರಿನ ಹುಡುಗ. 26 ವರ್ಷ, ಐಟಿ ಕೆಲಸ, ರೂಮಿನಿಂದಲೇ ವರ್ಕ್ ಫ್ರಮ್ ಹೋಮ್. ಮೂರು ದಿನ ಒದ್ದಾಡಿದ ಮೇಲೆ ಅವನಿಗೆ ಒಂದು ಸ್ಲಾಟ್ ಕಾಣುತ್ತೆ, ಶಿಕಾರಿಪುರದಲ್ಲಿ. ಸುಮಾರು 350 ಕಿ.ಮೀ. ದೂರ. ಒತ್ತುತ್ತಾನೆ, ಸಿಗುತ್ತೆ. ಅಪಾಯಿಂಟ್‌ಮೆಂಟ್ ಮೆಸೇಜನ್ನು ಪೊಲೀಸರಿಗೆ ತೋರಿಸ್ತಾ ಸ್ನೇಹಿತನ ಕಾರಿನಲ್ಲಿ ಹೋಗಿ, ಹಾಕಿಸಿಕೊಂಡು, ರಾತ್ರಿಯೇ ವಾಪಸ್. ಮುಂದಿನ ಭಾನುವಾರ ಝೂಮ್ ಆರಾಧನೆಯಲ್ಲಿ ಸಾಕ್ಷಿ: "ಎಲ್ಲ ಬಾಗಿಲು ಮುಚ್ಚಿತ್ತು, ಕರ್ತನು ನನಗೋಸ್ಕರ ಒಂದು ಬಾಗಿಲು ತೆರೆದ." ನಾವೆಲ್ಲ ಹಲ್ಲೆಲೂಯ ಅಂತೀವಿ.

ಎರಡನೆಯವರು ಸೊರಬ ತಾಲೂಕಿನ ಒಬ್ಬ ಅಕ್ಕ. 38 ವರ್ಷ. ಆನವಟ್ಟಿಯಲ್ಲಿ ಒಂದು ಸಣ್ಣ ಕಿರಾಣಿ ಅಂಗಡಿ. ಲಾಕ್‌ಡೌನ್ ಅಂದರೂ ಬೆಳಿಗ್ಗೆ ಅಂಗಡಿ ತೆರೀಲೇಬೇಕು, ಊರಿನವರೆಲ್ಲ ಅಲ್ಲಿಗೇ ಬರಬೇಕು. ಮನೆಯಲ್ಲಿ ಉಬ್ಬಸ ಇರುವ ಅತ್ತೆ. ಅಕ್ಕನ ಹತ್ತಿರ ಇರೋದು ಕೀಪ್ಯಾಡ್ ಫೋನ್. ಪಕ್ಕದ ಮನೆಯ ಹುಡುಗ ಅವನ ಫೋನಿನಲ್ಲಿ ನೋಡ್ತಾನೆ. ಸೊರಬ ಇಲ್ಲ, ಶಿಕಾರಿಪುರ ಈಗ ತಾನೇ ತುಂಬಿತು. "ಅಕ್ಕ, ಶಿವಮೊಗ್ಗ ಇದೆ, ಮಾಡ್ಲಾ?" ಅಂತಾನೆ. ಶಿವಮೊಗ್ಗಕ್ಕೆ ಹೋಗೋದು ಹೇಗೆ? ಬಸ್ಸಿಲ್ಲ. ಆ ತಾಲೂಕಿಗೆ ರೈಲಿಲ್ಲ. ಬಾಡಿಗೆ ಗಾಡಿ ಅಂದರೆ ವಾರದ ದುಡಿಮೆ. "ಬ್ಯಾಡ ಬಿಡಪ್ಪ, ಆಮೇಲ್ ನೋಡಣ" ಅಂತಾರೆ.

ಗಮನಿಸಿ, ಇಬ್ಬರಿಗೂ ದೂರದ ಊರಿನಲ್ಲೇ ಸ್ಲಾಟ್ ಕಾಣಿಸಿತು. ಒಬ್ಬನಿಗೆ 350 ಕಿ.ಮೀ. ಒಂದು ದಿನದ ಪ್ರಯಾಣ. ಇನ್ನೊಬ್ಬರಿಗೆ ಅದರ ಮೂರನೇ ಒಂದು ಭಾಗದಷ್ಟೂ ಇಲ್ಲದ ದೂರ ದಾಟಲಾಗದ ಗೋಡೆ. ಲೆಕ್ಕದ ಪುಸ್ತಕದಲ್ಲಿ ಹೇಗೆ ಬರೆದಿರುತ್ತೆ? ಇಬ್ಬರಿಗೂ ಅವಕಾಶ ಕೊಟ್ಟಿದ್ದೆವು, ಒಬ್ಬ ಬಂದ, ಒಬ್ಬರು ಬರಲಿಲ್ಲ. ಕೈಗೆ ಎಟುಕದ ಕಡೆ ಅನ್ನ ಇಟ್ಟು "ಬಡಿಸಿದ್ದೆ, ಅವರೇ ಉಣ್ಣಲಿಲ್ಲ" ಅನ್ನೋದು ಬಡಿಸಿದಂತೆ ಆಗುತ್ತಾ?

ಈಗ ವಾಕ್ಯಕ್ಕೆ ಬನ್ನಿ. ಯೆರೂಸಲೇಮಿನ ಕುರಿಬಾಗಿಲ ಹತ್ತಿರ ಒಂದು ಕೊಳ, ಬೇತ್ಸಥಾ. ಐದು ಮಂಟಪ. ಅಲ್ಲಿ ಕುರುಡರು, ಕುಂಟರು, ಕೈಕಾಲು ಬತ್ತಿಹೋದವರು ಗುಂಪು ಗುಂಪಾಗಿ ಬಿದ್ದಿದ್ದಾರೆ. ನೀರು ಕದಲಿದಾಗ ಯಾರು ಮೊದಲು ಇಳಿಯುತ್ತಾರೋ ಅವರಿಗೆ ವಾಸಿ ಅಂತ ನಂಬಿಕೆ. ಅಲ್ಲಿ ಒಬ್ಬ 38 ವರ್ಷದಿಂದ ರೋಗಿ. ಯೇಸು ಅವನನ್ನು ಮಾತಾಡಿಸಿದಾಗ ಅವನು ಹೇಳಿದ್ದು ಏನು? ನನ್ನನ್ನು ಇಳಿಸುವವರು ಯಾರೂ ಇಲ್ಲ, ನಾನು ಹೋಗುವಷ್ಟರಲ್ಲಿ ಇನ್ನೊಬ್ಬ ಇಳಿದುಬಿಡ್ತಾನೆ ಅಂತ.

ಪ್ರಿಯರೇ, ಇದು ಸ್ಲಾಟ್ ಬುಕಿಂಗ್ ಅಲ್ಲದೆ ಇನ್ನೇನು? ಹಸಿರು ಕಾಣುತ್ತೆ, ನಾನು ಒತ್ತುವಷ್ಟರಲ್ಲಿ ಇನ್ನೊಬ್ಬ ಒತ್ತಿರ್ತಾನೆ. ಮೊದಲು ಬಂದವರಿಗೆ ಮೊದಲು ಅನ್ನೋ ನಿಯಮ ಕೇಳಲಿಕ್ಕೆ ಎಷ್ಟು ನ್ಯಾಯವಾಗಿದೆ! ಯಾರ ಮುಖವನ್ನೂ ನೋಡಲ್ಲ, ಜಾತಿ ಕೇಳಲ್ಲ. ಆದರೆ ಆ ಕೊಳದ ದಡದಲ್ಲಿ ನಿಂತು ನೋಡಿ. ಅಲ್ಲಿ ಗೆಲ್ಲೋದು ಯಾರು? ಕಡಿಮೆ ಕಾಯಿಲೆ ಇರುವವನು. ಕಾಲು ಸ್ವಲ್ಪವಾದರೂ ಆಡುವವನು. ಎತ್ತಿ ಇಳಿಸೋಕೆ ಮನೆಯವರು ಇರುವವನು. ಯಾರಿಗೆ ಅಗತ್ಯ ಹೆಚ್ಚೋ ಅವನೇ ಪ್ರತಿಸಲ ಸೋಲ್ತಾನೆ. 38 ವರ್ಷ ಸೋತಿದ್ದಾನೆ. ಮುಖ ನೋಡದ ನಿಯಮ ಅವನ ಕಾಲನ್ನೂ ನೋಡಲಿಲ್ಲ.

ಬೈಬಲ್ ಕಾಲೇಜಿನಲ್ಲಿ ಕಲಿತ ಒಂದು ವಿಷಯ ಇಲ್ಲಿ ಹೇಳಬೇಕು. ದೇವದೂತನು ಬಂದು ನೀರು ಕದಲಿಸ್ತಿದ್ದ ಅಂತ ಹೇಳುವ 4ನೇ ವಚನ ಅತಿ ಹಳೆಯ ಗ್ರೀಕ್ ಹಸ್ತಪ್ರತಿಗಳಲ್ಲಿ ಇಲ್ಲ. ನಿಮ್ಮ ಕೆಲವು ಬೈಬಲ್‌ಗಳಲ್ಲಿ ಅದು ಅಡಿಟಿಪ್ಪಣಿಯಲ್ಲೋ ಕಂಸದೊಳಗೋ ಇರುತ್ತೆ. ಯಾಕೆ ಹೇಳ್ತಿದ್ದೀನಿ ಅಂದರೆ, ಆ ಓಟದ ಪಂದ್ಯವನ್ನು ದೇವರೇ ಇಟ್ಟ ಅಂತ ಗಟ್ಟಿಯಾಗಿ ಹೇಳಲಿಕ್ಕೆ ನಮಗೆ ಆಧಾರ ಕಡಿಮೆ. ಜನ ಹಾಗೆ ನಂಬಿದ್ದರು, ಆ ರೋಗಿಯೂ ಹಾಗೇ ನಂಬಿದ್ದ. ಯೇಸು ಮಾಡಿದ್ದೇನು? ಅವನನ್ನು ಎತ್ತಿಕೊಂಡು ಓಡಿಹೋಗಿ ಮೊದಲನೆಯವನಾಗಿ ಇಳಿಸಲಿಲ್ಲ. ಪಂದ್ಯವನ್ನೇ ಪಕ್ಕಕ್ಕಿಟ್ಟು, ಅವನು ಬಿದ್ದಿದ್ದ ಜಾಗಕ್ಕೇ ಹೋದ. ಅಷ್ಟು ಜನರ ನಡುವೆ, ಎಲ್ಲರಿಗಿಂತ ಹಿಂದೆ ಉಳಿದವನ ಹತ್ತಿರ ಹೋದ. ಸ್ತೋತ್ರ!

ಈಗ ಯಾರೂ ಕೇಳದ ಪ್ರಶ್ನೆ ಕೇಳ್ತೀನಿ. ಆ 38 ವರ್ಷದ ರೋಗಿಗಿಂತ ಮುಂಚೆ ಇಳಿದವನು ಪಾಪ ಮಾಡಿದನಾ?

ಅವಸರದಲ್ಲಿ ಉತ್ತರ ಕೊಡಬೇಡಿ. ಅವನೂ ರೋಗಿಯೇ. ಅವನ ಮನೆಯಲ್ಲೂ ಕಣ್ಣೀರಿತ್ತು. ಬೆಂಗಳೂರಿನ ಹುಡುಗನೂ ಹಾಗೇ. 26 ವರ್ಷದವರೂ ಆ ಮೇ ತಿಂಗಳಲ್ಲಿ ಸತ್ತಿದ್ದಾರೆ. ಭಯಪಟ್ಟದ್ದು ತಪ್ಪಲ್ಲ. ಲಸಿಕೆ ಬಯಸಿದ್ದು ಅಪನಂಬಿಕೆಯೂ ಅಲ್ಲ, ಪೌಲನ ಜೊತೆಗಾರನಾದ ಲೂಕ ವೈದ್ಯನಾಗಿದ್ದ ಅನ್ನೋದು ಮರೆಯಬೇಡಿ. ನಿಯಮ ಅವನಿಗೆ ಅವಕಾಶ ಕೊಟ್ಟಿತ್ತು. ಇನ್ನೂ ಒಂದು ವಾದ ಇದೆ, ಅದು ಬಲವಾದ ವಾದ: "ಬ್ರದರ್, ನಾನು ಬಿಟ್ಟಿದ್ದರೆ ಆ ಸ್ಲಾಟ್ ಆನವಟ್ಟಿಯ ಅಕ್ಕನಿಗೆ ಸಿಗ್ತಿರಲಿಲ್ಲ, ನನ್ನಂಥ ಇನ್ನೊಬ್ಬನಿಗೇ ಸಿಗ್ತಿತ್ತು." ನಿಜ ಇರಬಹುದು. ಅದೂ ಅಲ್ಲದೆ, ಕೋವಿಶೀಲ್ಡ್ ಒಂದು ಬಾಟಲಿಯಲ್ಲಿ 10 ಡೋಸ್. ತೆರೆದ ಮೇಲೆ 4 ಗಂಟೆಯೊಳಗೆ ಮುಗಿಸಬೇಕು. ಬುಕ್ ಮಾಡಿ ಆಮೇಲೆ ಮನಸ್ಸಿಗೆ ಚುಚ್ಚಿತು ಅಂತ ಹೋಗದೆ ಕೂತರೆ ಆ ಡೋಸ್ ಯಾರಿಗೂ ಇಲ್ಲದೆ ಚೆಲ್ಲಿಹೋಗಬಹುದು. ಹಾಗೆ ಚೆಲ್ಲಿದ ಔಷಧಿಯಿಂದ ಯಾವ ಬಡವನಿಗೂ ಉಪಕಾರ ಇಲ್ಲ.

ಆದ್ದರಿಂದ ಆ ಹುಡುಗನನ್ನು ಕಳ್ಳ ಅಂತ ನಾನು ಕರೆಯೋದಿಲ್ಲ. ನೀವೂ ಕರೆಯಬೇಡಿ. ಆದರೆ "ಕಳ್ಳನಲ್ಲ" ಅನ್ನೋದು ಒಂದು ಮಾತು, "ಸರಿಯಾದದ್ದನ್ನು ಮಾಡಿದ" ಅನ್ನೋದು ಇನ್ನೊಂದು ಮಾತು. ಈ ಎರಡರ ಮಧ್ಯೆ ಒಂದು ಜಾಗ ಇದೆ. ಕ್ರಿಸ್ತನ ಶಿಷ್ಯರಿಗೆ ಪರೀಕ್ಷೆ ನಡೆಯೋದು ಅಲ್ಲೇ.

ಕೊರಿಂಥ ಸಭೆಯನ್ನು ನೋಡಿ, 1 ಕೊರಿಂಥ 11. ಅವರು ಕರ್ತನ ಭೋಜನಕ್ಕೆ ಸೇರ್ತಿದ್ದರು. ಬಿಡುವಿದ್ದ ಅನುಕೂಲಸ್ಥರು ಬೇಗ ಬಂದು ತಮ್ಮ ಪಾಡಿಗೆ ಊಟ ಮುಗಿಸ್ತಿದ್ದರು. ಗತಿಯಿಲ್ಲದವರು ಹಸಿದೇ ಉಳೀತಿದ್ದರು. ದಾಸರು, ಕೂಲಿಯವರು ಕೆಲಸ ಮುಗಿಸಿ ಬರುವಷ್ಟರಲ್ಲಿ ಖಾಲಿ ಅಂತ ಅನೇಕ ಪಂಡಿತರು ವಿವರಿಸ್ತಾರೆ. ಮೊದಲು ಬಂದವರು ಕದ್ದರಾ? ಇಲ್ಲ, ತಮ್ಮದನ್ನೇ ತಿಂದರು. ಆದರೂ ಪೌಲನು ಎಷ್ಟು ಗಟ್ಟಿಯಾಗಿ ಗದರಿಸ್ತಾನೆ ಅಂದರೆ, ಇದು ಕರ್ತನ ಭೋಜನವೇ ಅಲ್ಲ ಅಂತಾನೆ, ಇಲ್ಲದವರನ್ನು ನಾಚಿಕೆಪಡಿಸ್ತೀರಾ ಅಂತಾನೆ. ಕೊನೆಗೆ ಅವನು ಕೊಡುವ ಪರಿಹಾರ ತುಂಬಾ ಸರಳ. ಒಬ್ಬರಿಗೋಸ್ಕರ ಒಬ್ಬರು ಕಾಯಿರಿ.

ಕಾಯುವುದು! ನಾವು ಯೌವನಸ್ಥರು ದೇವರಿಗಾಗಿ ಕಾಯುವುದರ ಬಗ್ಗೆ ಎಷ್ಟು ಹಾಡ್ತೀವಿ. ಇನ್ನೊಬ್ಬರಿಗಾಗಿ ಕಾಯುವುದರ ಬಗ್ಗೆ ಎಷ್ಟು ಹಾಡ್ತೀವಿ? ಬಾಗಿಲು ಹಾಕಿಕೊಂಡು ಮನೆಯಲ್ಲೇ ಕೆಲಸ ಮಾಡಿ ಸಂಬಳ ಪಡೆಯುವವನಿಗೆ ಇನ್ನೂ ಐದಾರು ವಾರ ಕಾಯುವ ಶಕ್ತಿ ಇತ್ತು. ದಿನವೂ ಅಂಗಡಿ ತೆರೆಯುವ ಅಕ್ಕನಿಗೆ ಆ ಶಕ್ತಿ ಇರಲಿಲ್ಲ. ಕಾಯುವ ಶಕ್ತಿಯೂ ಒಂದು ಸಂಪತ್ತು, ಬ್ಯಾಂಕಿನಲ್ಲಿರುವ ಹಣದ ಹಾಗೆ. ಅದು ಇರುವವನು ಇಲ್ಲದವನಿಗಾಗಿ ಖರ್ಚು ಮಾಡಬೇಕು.

ಅದೇ ಬೆಂಗಳೂರಿನಲ್ಲಿ ಇನ್ನೊಬ್ಬ ಹುಡುಗ ಇದ್ದ ಅಂದುಕೊಳ್ಳಿ. ದಿನವಿಡೀ ಮನೆ ಮನೆಗೆ ಪಾರ್ಸೆಲ್ ಕೊಡುವವನು. ಅವನಿಗೆ ಶಿಕಾರಿಪುರದ ಸ್ಲಾಟ್ ಸಿಕ್ಕಿದ್ದರೆ, ಹೋಗಪ್ಪ, ಧೈರ್ಯವಾಗಿ ಹೋಗು ಅಂತೀನಿ. ದೂರದಿಂದ ಬಂದ ಅನ್ನೋದು ಅವನ ತಪ್ಪಲ್ಲ. ಅಂದರೆ ನಾವು ಅಳೆಯಬೇಕಾದದ್ದು ಕಿಲೋಮೀಟರನ್ನಲ್ಲ. ಅಗತ್ಯ ಎಷ್ಟು, ನನಗೆ ಬೇರೆ ದಾರಿ ಎಷ್ಟು, ನನ್ನ ಹಿಂದೆ ಇರುವವನಿಗೆ ಬೇರೆ ದಾರಿ ಎಷ್ಟು? ಇದನ್ನು ಅಳೆಯಬೇಕು.

ಸೊರಬದ ಹೆಸರು ಬಂದದ್ದರಿಂದ ಇನ್ನೊಂದು ಲಸಿಕೆಯ ಕಥೆ ಹೇಳಬೇಕು. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯಲು ಶುರುವಾದವು, ಜನರಿಗೂ ಜ್ವರ ಬಂತು. ಉಣುಗಿನಿಂದ ಹರಡುವ ಆ ರೋಗವನ್ನು ನಾವು ಮಂಗನ ಕಾಯಿಲೆ ಅಂತೀವಿ. ಪ್ರಪಂಚದ ವೈದ್ಯರು ಇವತ್ತಿಗೂ ಅದನ್ನು ಕ್ಯಾಸನೂರಿನ ಹೆಸರಿನಿಂದಲೇ ಕರೀತಾರೆ. ಅದಕ್ಕೊಂದು ಲಸಿಕೆ ಬಂದಾಗ ಅದನ್ನು ಹಂಚಿದ ರೀತಿ ಬೇರೆ. ಸತ್ತ ಮಂಗ ಎಲ್ಲಿ ಸಿಕ್ಕಿತು, ಜ್ವರ ಯಾವ ಹಳ್ಳಿಯಲ್ಲಿ ಬಂತು ಅಂತ ನೋಡಿ, ಅದರ ಸುತ್ತ 5 ಕಿ.ಮೀ. ಒಳಗಿನ ಹಳ್ಳಿಗಳಿಗೆ ಆರೋಗ್ಯ ಇಲಾಖೆಯವರು ಲಸಿಕೆ ತೆಗೆದುಕೊಂಡು ಹೋಗ್ತಿದ್ದರು. ಆ ಲಸಿಕೆ ಅಷ್ಟೇನೂ ಬಲವಾದದ್ದಲ್ಲ, ಜನ ಎಲ್ಲ ಡೋಸ್ ಹಾಕಿಸಿಕೊಳ್ತಿರಲಿಲ್ಲ, ಈಗ ಅದನ್ನು ನಿಲ್ಲಿಸಿದ್ದಾರೆ. ಅದನ್ನು ಹೊಗಳಲಿಕ್ಕೆ ಹೇಳ್ತಿಲ್ಲ. ಅದರ ದಿಕ್ಕು ನೋಡಿ ಅಂತ ಹೇಳ್ತಿದ್ದೀನಿ. ಅಲ್ಲಿ ಲಸಿಕೆ ಎಲ್ಲಿಗೆ ಹೋಗಬೇಕು ಅಂತ ತೀರ್ಮಾನ ಮಾಡ್ತಿದ್ದದ್ದು ರೋಗ, ಬೆರಳಿನ ವೇಗ ಅಲ್ಲ. ಅದೇ ಸೊರಬದ ಜನ 2021ರಲ್ಲಿ ಪರದೆಯ ಮೇಲಿನ ಪಂದ್ಯಕ್ಕೆ ಇಳಿಯಬೇಕಾಯಿತು.

ಆ ಪಂದ್ಯ ತಪ್ಪು ಅಂತ ದೇಶಕ್ಕೂ ಗೊತ್ತಾಯಿತು. ಮೇ 24ರಂದು ಸರ್ಕಾರಿ ಕೇಂದ್ರಗಳಲ್ಲಿ ಈ ವಯಸ್ಸಿನವರಿಗೂ ಸ್ಥಳದಲ್ಲೇ ನೋಂದಣಿಗೆ ಅವಕಾಶ ಕೊಟ್ಟರು. ಮೇ 31ರ ಆದೇಶದಲ್ಲಿ ಸುಪ್ರೀಂ ಕೋರ್ಟ್, ಫೋನ್ ಇಂಟರ್‌ನೆಟ್ ಇಲ್ಲದವರ ಗತಿ ಏನು ಅಂತ ಕೇಂದ್ರ ಸರ್ಕಾರವನ್ನು ಕೇಳಿತು. ಜೂನ್ 21ರಿಂದ 18 ದಾಟಿದ ಎಲ್ಲರಿಗೂ ಸರ್ಕಾರಿ ಕೇಂದ್ರಗಳಲ್ಲಿ ಉಚಿತ ಅಂತಾಯಿತು. ಕೊಳವನ್ನು ಕೊನೆಗೆ ರೋಗಿಗಳ ಹತ್ತಿರ ತಂದರು. ಆದರೆ ಆ ಮೇ ತಿಂಗಳಲ್ಲಿ ಹೋದವರು ತಿರುಗಿ ಬರಲಿಲ್ಲ.

ಇಲ್ಲಿ ಕೂತಿರುವ ನಿಮ್ಮಲ್ಲಿ ಎಷ್ಟೋ ಜನ ಆ್ಯಪ್ ಬರೆಯುವವರು, ಟೆಸ್ಟ್ ಮಾಡುವವರು. ನಾಳೆ ನಿಮ್ಮ ಮೇಜಿಗೇ ಇಂಥ ಕೆಲಸ ಬರಬಹುದು. ಒಂದು ಆಸ್ಪತ್ರೆಯ ಟೋಕನ್, ಒಂದು ಸ್ಕಾಲರ್‌ಶಿಪ್ ಅರ್ಜಿ, ಒಂದು ರೇಷನ್ ವ್ಯವಸ್ಥೆ. "ಮೊದಲು ಒತ್ತಿದವರಿಗೆ" ಅಂತ ಬರೆಯೋದು ಸುಲಭ. ಬರೆಯುವ ಮುಂಚೆ ಮಂಟಪದಲ್ಲಿ ಬಿದ್ದಿರುವವನನ್ನು ನೆನೆಸಿಕೊಳ್ಳಿ. ಮೀಟಿಂಗಿನಲ್ಲಿ ಕೈ ಎತ್ತಿ, "ಕೀಪ್ಯಾಡ್ ಫೋನ್ ಇರುವವರು ಏನು ಮಾಡಬೇಕು?" ಅಂತ ಒಂದು ಮಾತು ಕೇಳಿ. ಅದೂ ದೇವರ ಸೇವೆಯೇ.

ಇನ್ನು ಸಾಕ್ಷಿಯ ವಿಷಯ. ಇದು ನಮ್ಮ ಸಭೆಗಳಿಗೆ ನೇರವಾಗಿ ಸಂಬಂಧಿಸಿದ್ದು, ಅದಕ್ಕೇ ಕೊನೆಗೆ ಇಟ್ಟುಕೊಂಡೆ. "ಕರ್ತನು ಬಾಗಿಲು ತೆರೆದ" ಅಂತ ಹೇಳುವಾಗ ನಾವು ಇನ್ನೊಂದು ಮಾತನ್ನೂ ಹೇಳ್ತೀವಿ, ಗೊತ್ತಿಲ್ಲದೆ. ಹಾಗಾದರೆ ಆನವಟ್ಟಿಯ ಅಕ್ಕನಿಗೆ ಬಾಗಿಲು ಮುಚ್ಚಿದ್ದು ಯಾರು? ಅದೂ ಕರ್ತನಾ? ನನ್ನ ಫೈಬರ್ ಕನೆಕ್ಷನ್ ದೇವರ ಕೃಪೆ, ಅವರ ಕೀಪ್ಯಾಡ್ ಫೋನ್ ದೇವರ ಚಿತ್ತ ಅಂತ ಹೇಳ್ತೀವಾ? ಹಾಗೆ ಹೇಳಿದರೆ, ಮನುಷ್ಯರು ಮಾಡಿದ ಪಂದ್ಯದ ಮೇಲೆ ದೇವರ ಹೆಸರನ್ನು ಬರೆದಂತೆ. ಅವನ ನಾಮವನ್ನು ಹಗುರವಾಗಿ ಎತ್ತಬಾರದು ಅನ್ನೋ ಆಜ್ಞೆ ಬೈಗುಳಕ್ಕೆ ಮಾತ್ರ ಅಲ್ಲ, ಸಾಕ್ಷಿಗೂ ಅನ್ವಯಿಸುತ್ತೆ.

ಕೃತಜ್ಞತೆ ಬೇಡ ಅಂತಿಲ್ಲ. ಬದುಕಿದ್ದಕ್ಕೆ ಸ್ತೋತ್ರ ಹೇಳಿ, ಸಾವಿರ ಸಲ ಹೇಳಿ. ಆದರೆ ಸಾಕ್ಷಿಯನ್ನು ಅಲ್ಲಿಗೇ ನಿಲ್ಲಿಸಬೇಡಿ. "ನನಗೆ ಸಿಕ್ಕಿತು" ಅಂದಮೇಲೆ "ಯಾರಿಗೆ ಸಿಗಲಿಲ್ಲ?" ಅನ್ನೋದು ಅದರ ಎರಡನೇ ಸಾಲು. "ಅವರಿಗಾಗಿ ನಾನು ಏನು ಮಾಡಿದೆ?" ಅನ್ನೋದು ಮೂರನೇ ಸಾಲು. ಈ ಮೂರೂ ಇದ್ದರೆ ಅದು ಪೂರ್ತಿ ಸಾಕ್ಷಿ.

ಮೂರನೇ ಸಾಲು ಹೇಗಿರಬಹುದು? ಕೋವಿನ್‌ನಲ್ಲಿ ಒಂದು ಮೊಬೈಲ್ ನಂಬರಿಗೆ ಆಗ ನಾಲ್ಕು ಜನರ ಹೆಸರು ಸೇರಿಸಬಹುದಿತ್ತು. ಆ ಹುಡುಗನ ಬೆರಳಿನ ವೇಗ ಅವನೊಬ್ಬನಿಗೇ ಮೀಸಲಾಗಬೇಕು ಅಂತ ಇರಲಿಲ್ಲ. ಮನೆಗೆಲಸದ ಅಮ್ಮ, ಅಪಾರ್ಟ್‌ಮೆಂಟಿನ ವಾಚ್‌ಮನ್, ಊರಲ್ಲಿರುವ ಸಂಬಂಧಿ, ಇವರಿಗೆ ಹತ್ತಿರದ ಸ್ಲಾಟ್ ಹುಡುಕಿ ಕೊಡಬಹುದಿತ್ತು. ಕಾರಿನಲ್ಲಿ ಹಿಂದಿನ ಸೀಟು ಖಾಲಿ ಇತ್ತು. ಮಾರ್ಕ 2ನೇ ಅಧ್ಯಾಯದಲ್ಲಿ ನಾಲ್ಕು ಜನ ಒಬ್ಬನನ್ನು ಹೊತ್ತು ತಂದು, ಮಾಳಿಗೆ ಬಿಚ್ಚಿ ಇಳಿಸಿದರು. ಬೇತ್ಸಥಾ ಕೊಳದ ರೋಗಿಗೆ ಇಲ್ಲದೇ ಹೋದದ್ದು ಅಂಥ ಒಬ್ಬ ಮನುಷ್ಯ ಮಾತ್ರ.

ಆ ಮೇ ತಿಂಗಳು ಮುಗೀತು. ಕೊಳ ಮುಗಿದಿಲ್ಲ. ಬೆಳಿಗ್ಗೆ ಆಸ್ಪತ್ರೆಯ ಟೋಕನ್, ತತ್ಕಾಲ್ ಟಿಕೆಟ್, ಹಾಸ್ಟೆಲ್ ಸೀಟು, ಸರ್ಕಾರಿ ಯೋಜನೆಯ ಸರ್ವರ್. ಪ್ರತಿದಿನ ಎಲ್ಲೋ ನೀರು ಕದಲುತ್ತೆ, ಪ್ರತಿದಿನ ನಾವು ವೇಗವಾಗಿ ಇಳೀತೀವಿ. ಮುಂದಿನ ಸಲ ಒತ್ತುವ ಮುಂಚೆ ಮೂರು ಪ್ರಶ್ನೆ ಕೇಳಿಕೊಳ್ಳಿ. ಇದು ನನಗೆ ಈಗಲೇ ಬೇಕಾ, ಕಾಯಬಲ್ಲೆನಾ? ನಾನು ಬಿಟ್ಟರೆ ಅಥವಾ ನೆರವಾದರೆ ಇದು ತಲುಪಬೇಕಾದವರಿಗೆ ತಲುಪುತ್ತಾ? ತೆಗೆದುಕೊಳ್ಳಲೇಬೇಕು ಅಂದರೆ ನನ್ನ ಜೊತೆ ಯಾರನ್ನು ಕರೆದುಕೊಂಡು ಹೋಗಲಿ? ಪ್ರತಿಸಲ ಉತ್ತರ ಸುಲಭ ಇರಲ್ಲ. ಕೆಲವು ಸಲ ಹೋಗೋದೇ ಸರಿ, ಕೆಲವು ಸಲ ಬಿಡೋದೇ ಸರಿ. ಕೇಳದೆ ಒತ್ತಿ, ಆಮೇಲೆ ದೇವರ ಮೇಲೆ ಹಾಕೋದು ಮಾತ್ರ ಯಾವತ್ತೂ ಸರಿಯಲ್ಲ.

ಪ್ರಾರ್ಥನೆ ಮಾಡೋಣ. ಕರ್ತನೇ, ನಮಗೆ ವೇಗವಾದ ಕಾಲು ಕೊಟ್ಟಿದ್ದೀ, ಸ್ತೋತ್ರ. ದಡದಲ್ಲಿ ಉಳಿದವರನ್ನು ಕಾಣುವ ಕಣ್ಣನ್ನೂ ಕೊಡು. ಕಾಯಬಲ್ಲವರಿಗೆ ಕಾಯುವ ಮನಸ್ಸು ಕೊಡು, ಕಾಯಲಾರದವರಿಗೆ ಹೊತ್ತು ತರುವ ಒಬ್ಬ ಮನುಷ್ಯನನ್ನು ಕೊಡು. ಆ ಮನುಷ್ಯರು ನಾವೇ ಆಗುವ ಹಾಗೆ ಮಾಡು. ಯೇಸುವಿನ ನಾಮದಲ್ಲಿ ಬೇಡುತ್ತೇವೆ, ತಂದೆಯೇ. ಆಮೆನ್.